ನಿಂತುಹೋದ ಆಟದ ಪಣ

ನಾಳೆ ಏನಾದೀತೆಂಬುದನ್ನು ಅರಿಯಲಾರೆವಾದರೂ ಏನೇನಾಗಬಹುದೆಂಬುದನ್ನು ಎಣಿಸಬಲ್ಲೆವೆಂಬ ಧೈರ್ಯವೇ ಸಂಭವನೀಯತಾ ಶಾಸ್ತ್ರದ ಮೂಲ. 1654ರಲ್ಲಿ ಫ್ರಾನ್ಸ್ ದೇಶದ ಪಾಸ್ಕಲ್ ಮತ್ತು ಫರ್ಮಾ ಎಂಬ ಗಣಿತಜ್ಞರು ಪರಸ್ಪರ ಬರೆದುಕೊಂಡ ಪತ್ರಗಳಲ್ಲಿ ಒಂದು ಪ್ರಶ್ನೆ ಬರುತ್ತದೆ: ಸಮಬಲರಾದ ಇಬ್ಬರು ತಲಾ 32 ನಾಣ್ಯಗಳನ್ನು ಪಣವಾಗಿಟ್ಟು, ಮೊದಲು ಮೂರು ಸಲ ಗೆದ್ದವನಿಗೆ ಎಲ್ಲವೂ ಸಲ್ಲತಕ್ಕದ್ದೆಂದು ಗೊತ್ತುಮಾಡಿಕೊಂಡು ಆಡುತ್ತಿರಲಾಗಿ, ಒಬ್ಬನು ಎರಡು ಸಲವೂ ಮತ್ತೊಬ್ಬನು ಒಂದು ಸಲವೂ ಗೆದ್ದಿರುವಾಗ ಆಟ ನಿಂತುಹೋದರೆ, ಆ 64 ನಾಣ್ಯಗಳನ್ನು ಹಂಚುವುದೆಂತು?

ಆದ ಆಟಗಳ ಲೆಕ್ಕ ಹಿಡಿದು ಎರಡಕ್ಕೊಂದರಂತೆ ಹಂಚೋಣವೆಂದು ನಮಗೆ ತೋರಬಹುದು. ಪಾಸ್ಕಲನಾದರೋ ಆಗಬೇಕಾಗಿದ್ದ ಆಟದ ಕಡೆಗೆ ದೃಷ್ಟಿ ತಿರುಗಿಸಿದನು. ಮುಂದಿನ ಆಟವನ್ನು ಮೊದಲನೆಯವನು ಗೆದ್ದರೆ 64 ನಾಣ್ಯಗಳೂ ಅವನವೇ. ಸೋತರೆ ಇಬ್ಬರೂ ಸಮರಾಗಿ, 32 ಅವನಿಗೆ ಸಲ್ಲುತ್ತವೆ. ಆದುದರಿಂದ ಗೆಲ್ಲಲಿ, ಸೋಲಲಿ, 32 ಅವನಿಗೆ ನಿಶ್ಚಿತ. ಗೆಲುವು ಸೋಲುಗಳೆರಡೂ ಸಮಸಂಭವವಾದ ಕಾರಣ ಉಳಿದ 32ರಲ್ಲಿ ಅರ್ಧವೂ ಅವನದೇ. ಅಂತೂ 48 ಅವನಿಗೆ, 16 ಎದುರಾಳಿಗೆ. ಬಾರದಿರುವುದನ್ನು ಎಣಿಸಿ ನ್ಯಾಯವನ್ನು ನಿರ್ಣಯಿಸುವ ಈ ಬುದ್ಧಿಸಾಹಸ ನನಗೆ ಪರಮಾಶ್ಚರ್ಯಕರವಾಗಿ ತೋರುತ್ತದೆ.

ಕೇಳುಗರೇ, ಇನ್ನೆರಡು ಆಟಗಳು ನಡೆದಿದ್ದರೆ ಆಗಬಹುದಾಗಿದ್ದ ನಾಲ್ಕು ಬಗೆಗಳನ್ನು ಕಾಗದದ ಮೇಲೆ ಬರೆದು ನೋಡಿರಿ. ಅವುಗಳಲ್ಲಿ ಮೂರರಲ್ಲಿ ಪಣವು ಮೊದಲನೆಯವನಿಗೇ ಸಲ್ಲುತ್ತದೆ.