ಹಳೆಯ ಆಟ ಹೊಸ ಕಂಪ್ಯೂಟರಿನಲ್ಲಿ ಏಕೆ ನಿಲ್ಲುತ್ತದೆ?

ತೊಂಬತ್ತರ ದಶಕದಲ್ಲಿ ಹೊಸಕೋಟೆಯಲ್ಲೋ ದೇವನಹಳ್ಳಿಯಲ್ಲೋ ಕಂಪ್ಯೂಟರ್ ಕಲಿಯಲು ಹೋದವರಿಗೆ ‘ಪ್ರಿನ್ಸ್ ಆಫ್ ಪರ್ಷಿಯಾ’ ನೆನಪಿರಬಹುದು. ಜೋರ್ಡನ್ ಮೆಕ್ನರ್ ರೂಪಿಸಿದ ಈ ಆಟ 1989ರಲ್ಲಿ ಬಂತು; ಮರುವರ್ಷ ಡಾಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಕಂಪ್ಯೂಟರಿಗೂ ಇಳಿಯಿತು. ಬೂದಿಗೆರೆಯ ಮನೆಯೊಂದರಲ್ಲಿ ಅಪ್ಪ ಅಂಥದೊಂದು ಆಟವನ್ನು ಮಗಳ ಲ್ಯಾಪ್‌ಟಾಪಿಗೆ ಹಾಕಲು ಹೊರಟರು ಎನ್ನಿ. ವಿಂಡೋಸ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಇಂದಿನ 64 ಬಿಟ್ ವಿಂಡೋಸಿಗೆ ಆ ಕಾಲದ 16 ಬಿಟ್ ಪ್ರೋಗ್ರಾಂ ನಡೆಸುವ ಶಕ್ತಿ ಇಲ್ಲ.

ಇದಕ್ಕೆ ಉಪಾಯ ಎಮ್ಯುಲೇಟರ್. ಹೊಸ ಕಂಪ್ಯೂಟರಿನ ಒಳಗೆ ಹಳೆಯ ಕಂಪ್ಯೂಟರಿನಂತೆ ನಟಿಸುವ ತಂತ್ರಾಂಶ ಅದು. ಡಾಸ್ ಆಟಗಳಿಗೆ ಹೆಸರಾದದ್ದು, ಉಚಿತವಾಗಿ ಸಿಗುವ ‘ಡಾಸ್‌ಬಾಕ್ಸ್’. ಪಿಯುಸಿಯಲ್ಲಿ ಟರ್ಬೊ ಸಿ ಪ್ಲಸ್ ಪ್ಲಸ್ ಕಲಿತ ಎಷ್ಟೋ ವಿದ್ಯಾರ್ಥಿಗಳು ಅದರ ನೀಲಿ ಪರದೆಯನ್ನು ಡಾಸ್‌ಬಾಕ್ಸಿನ ಒಳಗೆ ನೋಡಿಯೇ ಇರುತ್ತಾರೆ.

ಆದರೆ ಡಾಸ್‌ಬಾಕ್ಸಿನಲ್ಲೂ ಆಟ ಶುರುವಾದ ಕೂಡಲೇ ನಿಂತುಹೋಗುವುದುಂಟು. ಆಗ ಬಹಳ ಮಂದಿ ‘ಫೈಲ್ ಕೆಟ್ಟಿದೆ’ ಎಂದು ಕೈಬಿಡುತ್ತಾರೆ. ಎಷ್ಟೋ ಸಲ ಫೈಲ್ ಸರಿಯಾಗಿಯೇ ಇರುತ್ತದೆ. ತೊಂದರೆ ಇರುವುದು ಹೊಸ ಯಂತ್ರದ ಸಿರಿತನದಲ್ಲಿ: ಹೆಚ್ಚಿದ ವೇಗ, ಹೆಚ್ಚು ಖಾಲಿ ಉಳಿದ ಮೆಮೊರಿ. ಹಳೇ ಪಂಪ್‌ಸೆಟ್ಟಿಗೆ ವೋಲ್ಟೇಜ್ ಹೆಚ್ಚಾದರೂ ಕಷ್ಟವೇ ಅಲ್ಲವೇ?

ಎರಡು ಉದಾಹರಣೆ ನೋಡೋಣ. ಮೊದಲನೆಯದು, ‘ರನ್‌ಟೈಮ್ ಎರರ್ 200’. ಸೊನ್ನೆಯಿಂದ ಭಾಗಿಸಲಾಗಿದೆ ಎಂಬುದು ಈ ಸಂದೇಶದ ಅರ್ಥ. ವಾಸ್ತವದಲ್ಲಿ ಯಾರೂ ಸೊನ್ನೆಯಿಂದ ಭಾಗಿಸಿರುವುದಿಲ್ಲ. ಬೋರ್ಲೆಂಡ್ ಕಂಪನಿಯ ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಅನೇಕ ಪ್ರೋಗ್ರಾಂಗಳು ಶುರುವಾಗುತ್ತಲೇ ಯಂತ್ರದ ವೇಗ ಅಳೆಯುತ್ತವೆ. ಗಡಿಯಾರದ ಒಂದು ಮಿಡಿತಕ್ಕೆ, ಅಂದರೆ ಸುಮಾರು 55 ಮಿಲಿಸೆಕೆಂಡಿಗೆ, ಎಷ್ಟು ಸುತ್ತು ಎಣಿಸಬಹುದು ಎಂದು ನೋಡಿ, ಅದನ್ನು 55ರಿಂದ ಭಾಗಿಸುತ್ತವೆ. ಉತ್ತರ 65,535 ದಾಟಿದರೆ ಅದನ್ನು ಇಡಲು ಜಾಗವಿಲ್ಲ. ನಿಧಾನದ ಯಂತ್ರಗಳಲ್ಲಿ ಆ ಮಿತಿ ಮುಟ್ಟುತ್ತಲೇ ಇರಲಿಲ್ಲ. ಪ್ರೊಸೆಸರ್ 200 ಮೆಗಾಹರ್ಟ್ಸ್ ಆಸುಪಾಸಿಗೆ ಬಂದಾಗ ಲೆಕ್ಕ ತುಂಬಿ ಹೊರಚೆಲ್ಲಿತು, ಪ್ರೋಗ್ರಾಂ ನಿಂತಿತು. ಪರಿಹಾರ ಸುಲಭ: ಡಾಸ್‌ಬಾಕ್ಸಿನ ವೇಗ ಇಳಿಸಿ. ಕಂಟ್ರೋಲ್ ಹಿಡಿದು ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ಇಲ್ಲಿ ಆಟ ಶುರುವಿಗೇ ನಿಲ್ಲುವುದರಿಂದ, ಅದನ್ನು ತೆರೆಯುವ ಮೊದಲೇ ವೇಗ ಇಳಿಸಿರಬೇಕು.

ಎರಡನೆಯದು, ‘ಪ್ಯಾಕ್ಡ್ ಫೈಲ್ ಈಸ್ ಕರಪ್ಟ್’. ಫೈಲ್ ಹಾಳಾಗಿದೆ ಎಂದು ನೇರವಾಗಿಯೇ ಹೇಳುವ ಈ ಸಂದೇಶ ಬಹಳಷ್ಟು ಸಲ ಸುಳ್ಳು. ಫ್ಲಾಪಿಯಲ್ಲಿ ಜಾಗ ಉಳಿಸಲು ಆಗ ಪ್ರೋಗ್ರಾಂಗಳನ್ನು ಒತ್ತಿ ಚಿಕ್ಕದು ಮಾಡುತ್ತಿದ್ದರು. ಅದನ್ನು ಬಿಡಿಸುವ ಭಾಗದಲ್ಲಿ ಒಂದು ದೋಷವಿತ್ತು: ಮೆಮೊರಿಯ ಮೊದಲ 64 ಕಿಲೋಬೈಟಿನ ಒಳಗೆ ಬಂದು ಕೂತರೆ ಅದು ತಡವರಿಸುತ್ತಿತ್ತು. ಮೊದಲು ಆ ಜಾಗವನ್ನು ಡಾಸ್ ತಾನೇ ಹಿಡಿದಿರುತ್ತಿದ್ದರಿಂದ ದೋಷ ಕಾಣಿಸಲಿಲ್ಲ. 1991ರ ಡಾಸ್ 5 ಬಂದಾಗ ಅದರ ಬಹುಭಾಗ ಮೇಲಿನ ಮೆಮೊರಿಗೆ ಹೋಗಿ, ಕೆಳಗೆ ಜಾಗ ಖಾಲಿಯಾಯಿತು, ದೋಷ ಬಯಲಾಯಿತು. ಆ ಡಾಸಿನ ಜೊತೆಗೇ ‘ಲೋಡ್‌ಫಿಕ್ಸ್’ ಎಂಬ ಆಜ್ಞೆಯೂ ಬಂತು, ಡಾಸ್‌ಬಾಕ್ಸಿನಲ್ಲೂ ಅದಿದೆ. ಆಟದ ಹೆಸರಿನ ಮುಂಚೆ ಲೋಡ್‌ಫಿಕ್ಸ್ ಎಂದು ಬರೆದರೆ, ಅದು ಕೆಳಗಿನ ಜಾಗವನ್ನು ಬೇಕೆಂದೇ ತುಂಬುತ್ತದೆ, ಆಟ ಅದರ ಮೇಲೆ ಕೂರುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಡಾಸ್‌ಬಾಕ್ಸಿನ ಸೆಟ್ಟಿಂಗ್ ಫೈಲಿಗೆ ಹೋಗಿ. ‘ಕೋರ್’ ಎಂಬಲ್ಲಿ ‘ನಾರ್ಮಲ್’ ಎಂದು ಹಾಕಿ ನೋಡಿ. ಅದರಿಂದಲೂ ಆಗದಿದ್ದರೆ ಇಎಂಎಸ್ ಎಂಬ ಹೆಚ್ಚುವರಿ ಮೆಮೊರಿಯನ್ನು ಬಂದ್ ಮಾಡಿ. ಆಟ ನಡೆದರೂ ಸದ್ದು ಮಾತ್ರ ಬರದಿದ್ದರೆ, ಆಟದ ಜೊತೆ ಬಂದ ಸೆಟಪ್ ಪ್ರೋಗ್ರಾಂನಲ್ಲಿ ಸೌಂಡ್ ಬ್ಲಾಸ್ಟರ್ ಆರಿಸಿ.

ಒಂದು ಮಾತು ನೆನಪಿರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಚೀಟಿಯಲ್ಲಿ ಬರೆದಿಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿ ಆಟ ನಡೆದರೆ, ಯಾವುದರಿಂದ ನಡೆಯಿತೆಂದು ತಿಳಿಯದು. ಮುಂದಿನ ಆಟಕ್ಕೆ ಮತ್ತೆ ಮೊದಲಿನಿಂದ ಹುಡುಕಬೇಕು. ಪರದೆಯ ಮೇಲಿನ ಸಂದೇಶವನ್ನು ಅಕ್ಷರಕ್ಷರ ಓದಿಕೊಳ್ಳಿ, ಆದರೆ ಅದು ಹೇಳಿದ್ದೆಲ್ಲ ನಿಜವೆಂದು ನಂಬಬೇಡಿ. ಹಳೆಯ ಫೈಲನ್ನು ಅಳಿಸುವ ಮೊದಲು ವೇಗ ಇಳಿಸಿ, ಲೋಡ್‌ಫಿಕ್ಸ್ ಹಾಕಿ ನೋಡಿ.