ನೀರಡಿಯ ಆಟಕ್ಕೆ ಹಿಮ್ಮೇಳ

ಕಂಪ್ಯೂಟರ್ ವಿಭಾಗದಿಂದಲೂ ಕನ್ನಡ ವಿಭಾಗದಿಂದಲೂ ಬಂದು ಬೇರೆ ಬೇರೆ ಸಾಲಿನಲ್ಲಿ ಕೂತಿರುವ ಗೆಳೆಯರೆ,

ಸಾಗರದಲ್ಲಿ ಸಬ್‌ಮರೀನ್ ಆಟಗಳ ಬಗ್ಗೆ ವಿಚಾರ ಸಂಕಿರಣ ಎಂಬ ಆಮಂತ್ರಣ ಪತ್ರಿಕೆ ನೋಡಿ ನಮ್ಮಕ್ಕ, "ಊರಿನ ಹೆಸರು ನಂಬಿ ಮಾಡ್ತಿದ್ದಾರೋ ಏನೋ, ಸಮುದ್ರ ಘಟ್ಟದ ಕೆಳಗಿದೆ ಅಂತ ಹೇಳಿ ಬಾ" ಅಂದಳು. ಅವಳ ಮಾತು ಸರಿಯೇ. ಈ ಊರಿಗೆ ಹೆಸರು ಕೊಟ್ಟದ್ದು ಸಮುದ್ರವಲ್ಲ, ಕೆಳದಿ ಅರಸರ ಕಾಲದ ಕೆರೆ. ನಿಜವಾದ ಸಬ್‌ಮರೀನ್ ಬೇಕೆಂದರೆ ಕಾರವಾರಕ್ಕೆ ಹೋಗಬೇಕು. 2022ರ ಮೇ ತಿಂಗಳಲ್ಲಿ ಆಗಿನ ರಕ್ಷಣಾ ಸಚಿವರು ಐಎನ್‌ಎಸ್ ಖಂಡೇರಿಯಲ್ಲಿ ನೀರಿನಡಿಗೆ ಇಳಿದದ್ದು ಅಲ್ಲಿಂದಲೇ.

ಆದರೂ ಈ ವಿಷಯ ಮಾತಾಡಲು ನಮಗಿರುವಷ್ಟು ಹಕ್ಕು ಬೇರೆಯವರಿಗೆ ಇದೆಯೆಂದು ನನಗನ್ನಿಸುವುದಿಲ್ಲ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ದಾಟಿ, ಸಾಗರಕ್ಕೆ ಬಂದು ಲಿಂಗನಮಕ್ಕಿಯಲ್ಲಿ ನಿಲ್ಲುತ್ತದೆ. 1964ರ ಆ ಅಣೆಕಟ್ಟು ಮನೆ, ಗದ್ದೆ, ತೋಟಗಳನ್ನಷ್ಟೇ ಮುಳುಗಿಸಲಿಲ್ಲ, ತನಗಿಂತ ಹಿರಿಯದಾದ ಇನ್ನೊಂದು ಅಣೆಕಟ್ಟನ್ನೂ ಮುಳುಗಿಸಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಮಡೇನೂರಿನ ಆ ಹಳೆಯ ಕಟ್ಟೆ ತಲೆ ಎತ್ತುತ್ತದೆ, ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ನೀರಿನಡಿ ಏನಿದೆ ಎಂದು ದಡದಲ್ಲಿ ಕೂತು ಊಹಿಸುವುದು ಇಲ್ಲಿಯ ಮೂರು ತಲೆಮಾರಿನ ಅಭ್ಯಾಸ.

ಈಗ ಜಗಳಕ್ಕೆ ಬರೋಣ. ಸಬ್‌ಮರೀನ್ ಆಟ ಆಡುವವರಲ್ಲಿ ಎರಡು ಪಕ್ಷ. ಒಂದು ಪಕ್ಷಕ್ಕೆ ಎಲ್ಲವೂ ಇದ್ದಂತೆಯೇ ಇರಬೇಕು: ಟಾರ್ಪಿಡೊ ಬಿಡುವ ಕೋನವನ್ನು ಆಟಗಾರನೇ ಲೆಕ್ಕ ಹಾಕಬೇಕು, ಬ್ಯಾಟರಿ ಮುಗಿದರೆ ಮುಗಿಯಬೇಕು. ಇನ್ನೊಂದಕ್ಕೆ ಸಿನಿಮಾ ಬೇಕು: ಕೆಂಪು ದೀಪ, ಬೆವರಿದ ಮುಖ, ಕಿರುಗುಟ್ಟುವ ಉಕ್ಕು, ಹಡಗು ಹೊತ್ತಿ ಉರಿಯುವುದನ್ನು ಹೊರಗಿನಿಂದ ತೋರಿಸುವ ಕ್ಯಾಮೆರಾ. 2005ರಲ್ಲಿ ಬಂದ 'ಸೈಲೆಂಟ್ ಹಂಟರ್ 3' ಈ ಜಗಳವನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿತು. ಹೊರಗಿನ ಕ್ಯಾಮೆರಾ ಬೇಡವೆಂದರೆ ಇಷ್ಟು, ಗುರಿ ನೀನೇ ಹಿಡಿದರೆ ಇಷ್ಟು, ಹುಸಿಹೋಗುವ ಟಾರ್ಪಿಡೊಗಳಿರಲಿ ಎಂದರೆ ಇಷ್ಟು ಅಂತ ಕೂಡಿಸಿ, ಕೊನೆಗೆ ನಿಮ್ಮ ವಾಸ್ತವತೆ ಶೇಕಡಾ ಎಷ್ಟು ಎಂದು ತೋರಿಸುತ್ತದೆ. ವಾಸ್ತವಕ್ಕೆ ಮಾರ್ಕ್ಸ್ ಕಾರ್ಡ್! ಶೇಕಡಾ ನೂರು ಬಂದವರು ಪರೀಕ್ಷೆ ಪಾಸಾದವರಂತೆಯೇ ಬೀಗುತ್ತಾರೆ.

ನಾನೂ ಬೀಗಿದವನೇ. ಒಂದು ಮಳೆಗಾಲದ ರಾತ್ರಿ, ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ, ಹಡಗುಗಳ ಸಾಲೊಂದರ ಕೆಳಗೆ ಎಂಜಿನ್ ನಿಲ್ಲಿಸಿಕೊಂಡು ಕೂತಿದ್ದೆ. ಕರೆಂಟು ಹೋಯಿತು. ನಾಡಿಗೆಲ್ಲ ಕರೆಂಟು ಕೊಟ್ಟ ತಾಲ್ಲೂಕಿನಲ್ಲಿ ಇದು ಮಾಮೂಲು. ಕತ್ತಲಲ್ಲಿ ಪರದೆ ಮಾತ್ರ ಹೊಳೆಯುತ್ತಿತ್ತು, ಯುಪಿಎಸ್ ಬೀಪ್ ಬೀಪ್ ಎನ್ನತೊಡಗಿತು. ಇನ್ನು ಹತ್ತು ನಿಮಿಷ ಬ್ಯಾಟರಿ. ಅದರೊಳಗೆ ತಪ್ಪಿಸಿಕೊಳ್ಳಬೇಕು, ಇಲ್ಲವೆ ಸಾಯಬೇಕು. ನಾನು ಆಡಿದ ಆಟಗಳಲ್ಲಿ ಅಷ್ಟು ನಿಜವಾದದ್ದು ಇನ್ನೊಂದಿಲ್ಲ. ಆ ಬೀಪ್‌ಗೆ ಆಟದ ಲೆಕ್ಕದಲ್ಲಿ ಒಂದು ಪರ್ಸೆಂಟೂ ಇರಲಿಲ್ಲ.

ಇವತ್ತು ನಾನು ಮಂಡಿಸಬೇಕೆಂದಿರುವುದು ಇಷ್ಟೇ. ಅಂಕಿ ಒಂದು ಕಡೆ, ಭಾವ ಇನ್ನೊಂದು ಕಡೆ ಎಂದು ಪಾಲು ಮಾಡಿಕೊಂಡದ್ದೇ ತಪ್ಪು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದಲ್ಲಿ ಇಂದಿನ ಮಟ್ಟ ಇಷ್ಟು ಎಂದು ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುತ್ತದೆ. ಬೆಂಗಳೂರಿನವನಿಗೆ ಅದೊಂದು ಅಂಕಿ. ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಅಜ್ಜಿಗೆ ಅದನ್ನು ಓದಿ ಹೇಳಿ ನೋಡಿ. ತುಳಸಿಕಟ್ಟೆಯ ಮೇಲೆ ಈಗ ಎಷ್ಟಾಳು ನೀರು ನಿಂತಿದೆ ಎಂದು ಅವಳಿಗೆ ಗೊತ್ತಾಗುತ್ತದೆ. ಓದುವವನಿಗೆ ಕಳೆದುಕೊಳ್ಳುವುದು ಏನಾದರೂ ಇದ್ದರೆ ಬರಿಯ ಮಾಪಕದ ಮುಳ್ಳೂ ಎದೆ ನಡುಗಿಸುತ್ತದೆ. ಇಲ್ಲದಿದ್ದರೆ ಎಷ್ಟು ಕೆಂಪು ದೀಪ ಹಾಕಿದರೂ ಅದು ಮದುವೆಮನೆಯ ಸೀರಿಯಲ್ ಸೆಟ್ಟೇ.

ಸಬ್‌ಮರೀನಿನಲ್ಲಿ ಇದು ಇನ್ನೂ ಸ್ಪಷ್ಟ, ಏಕೆಂದರೆ ಅದರೊಳಗಿದ್ದವರಿಗೆ ಏನೂ ಕಾಣುವುದಿಲ್ಲ. ಎರಡನೆಯ ಮಹಾಯುದ್ಧದ ಜರ್ಮನ್ ಯು-ಬೋಟ್ ತೆಗೆದುಕೊಳ್ಳಿ. ಹೆಚ್ಚು ಬಳಕೆಯಲ್ಲಿದ್ದ 7ಸಿ ಮಾದರಿ 67 ಮೀಟರ್ ಉದ್ದ, ಒಳಗೆ ನಲವತ್ತು ಐವತ್ತು ಜನ. ನೀರಿನಡಿ ಗಂಟೆಗೆ ನಾಲ್ಕು ನಾಟಿಕಲ್ ಮೈಲಿಯಂತೆ ತೆವಳಿದರೆ ಎಂಬತ್ತು ಮೈಲಿಗೆ ಬ್ಯಾಟರಿ ಖಾಲಿ. ಹಾಗಾಗಿ ಅದು ಹೆಚ್ಚಿನ ಕಾಲ ನೀರಿನ ಮೇಲೆಯೇ ಇರುತ್ತಿತ್ತು, ಅಡಗಬೇಕಾದಾಗ ಮುಳುಗುತ್ತಿತ್ತು. ಆ ಕೆಂಪು ದೀಪವೂ ಅಲಂಕಾರಕ್ಕೆ ಹುಟ್ಟಿದ್ದಲ್ಲ. ರಾತ್ರಿ ಮೇಲೆ ಹತ್ತಿ ಪಹರೆ ನಿಲ್ಲುವವನ ಕಣ್ಣು ಕತ್ತಲಿಗೆ ಒಗ್ಗಿರಲಿ ಎಂದು ಹಾಕಿದ್ದು. ವಿದ್ಯುತ್ ಟಾರ್ಪಿಡೊ ಸೆಕೆಂಡಿಗೆ ಹದಿನೈದು ಮೀಟರ್ ಓಡುತ್ತಿತ್ತು. 900 ಮೀಟರ್ ದೂರದ ಹಡಗಿಗೆ ಒಂದು ನಿಮಿಷ. ಆ ಒಂದು ನಿಮಿಷ ಇಡೀ ಸಬ್‌ಮರೀನ್ ಗಡಿಯಾರ ನೋಡುತ್ತಾ ಕಿವಿಗೊಟ್ಟು ಕೂತಿರುತ್ತದೆ. ಹೊರಗಿನ ಕ್ಯಾಮೆರಾ ಹಾಕಿ ಟಾರ್ಪಿಡೊದ ಬೆನ್ನು ಹತ್ತಿದಿರೋ, ಆ ನಿಮಿಷ ಸತ್ತುಹೋಯಿತು. ಸಿನಿಮಾ ಎಂದುಕೊಂಡು ಮಾಡಿದ್ದು ಸಿನಿಮಾವನ್ನೇ ಕೊಲ್ಲುತ್ತದೆ.

ಇದು ಸಿನಿಮಾದವರಿಗೇ ಚೆನ್ನಾಗಿ ಗೊತ್ತಿತ್ತು. ವೋಲ್ಫ್‌ಗಾಂಗ್ ಪೀಟರ್‌ಸನ್ನರ 'ದಸ್ ಬೂಟ್' 1981ರದು. ಛಾಯಾಗ್ರಾಹಕ ಯೋಸ್ಟ್ ವಕಾನೊ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ಯು-ಬೋಟಿನ ಇಕ್ಕಟ್ಟಿನೊಳಗೆ ಓಡಿದರು. ತಮಾಷೆಯೆಂದರೆ, ಮೂಲ ಕಾದಂಬರಿ ಬರೆದ ಬುಕ್‌ಹೈಮ್‌ಗೆ ಈ ಚಿತ್ರವೇ ಅತಿಯೆನಿಸಿತು. ಅವರು ಯುದ್ಧ ವರದಿಗಾರರಾಗಿ ಯು-96ರಲ್ಲಿ ಹೋಗಿಬಂದವರು, ನಟರ ಕೂಗಾಟ ಅವರಿಗೆ ಹಿಡಿಸಲಿಲ್ಲ. ಇವತ್ತು ಆಟಗಾರರು 'ವಾಸ್ತವ' ಎಂದು ಕೇಳುವುದು ಬಹುಮಟ್ಟಿಗೆ ಆ ಚಿತ್ರವನ್ನೇ. ಒಂದು ವಾತಾವರಣವೇ ಇಲ್ಲಿ ವಾಸ್ತವದ ಗಾದಿಯಲ್ಲಿ ಕೂತಿದೆ. ಇನ್ನು ಆ ದೋಣಿಗಳಲ್ಲಿ ಹೋದ ಸುಮಾರು 40,000 ಜನರಲ್ಲಿ ಹೆಚ್ಚುಕಡಿಮೆ 30,000 ಮಂದಿ ಮರಳಲಿಲ್ಲ. ಅವರು ಹಿಟ್ಲರನಿಗಾಗಿ ಮುಳುಗಿಸಿದ ಸರಕು ಹಡಗಿನ ಜನ ಬೇರೆ. ಆಟ ಆ ಹಡಗುಗಳನ್ನು ಟನ್ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ನೀವು ಸತ್ತರೆ ಹಿಂದಿನ ಸೇವ್‌ನಿಂದ ಮತ್ತೆ ಶುರು. ಎಲ್ಲಕ್ಕಿಂತ ದೊಡ್ಡ ಸುಳ್ಳು ಆ ಸೇವ್ ಬಟನ್ನು. ಸತ್ತರೆ ಸತ್ತಂತೆಯೇ ಎಂದು ತಾವೇ ಕಟ್ಟಳೆ ಹಾಕಿಕೊಂಡು ಆಡುವವರಿದ್ದಾರೆ, ಅವರ ಮೇಲೆ ನನಗೆ ಗೌರವ.

ನಮ್ಮಲ್ಲಿ 'ಆಟ' ಅಂದರೆ ಯಕ್ಷಗಾನ. ಆಟಕ್ಕೆ ಹೋಗಿದ್ದೆ ಎಂದರೆ ಕಬಡ್ಡಿಗೆ ಹೋಗಿದ್ದೆ ಎಂದು ಯಾರೂ ತಿಳಿಯುವುದಿಲ್ಲ. ಆ ಆಟದಲ್ಲಿ ಕಾಡಿಲ್ಲ, ಅರಮನೆಯಿಲ್ಲ. ವೇಷಧಾರಿ ರಂಗದಲ್ಲಿ ಒಂದು ಸುತ್ತು ಬಂದರೆ ಹಸ್ತಿನಾವತಿಯಿಂದ ದ್ವಾರಕೆ. ಯಾರೂ ಅದನ್ನು ಸುಳ್ಳೆನ್ನುವುದಿಲ್ಲ, ಏಕೆಂದರೆ ಚೆಂಡೆ ಸುಳ್ಳು ಹೇಳುವುದಿಲ್ಲ. ಬಣ್ಣದ ವೇಷ ತೆರೆಯ ಹಿಂದೆ ಇದ್ದಾಗಲೇ ಮಕ್ಕಳು ಅಮ್ಮನ ಸೆರಗು ಹುಡುಕುತ್ತವೆ. ಕಣ್ಣಿಗೆ ಕಾಣುವುದು ಒಂದು ಬಟ್ಟೆ, ಹೆದರಿಸುವುದು ಹಿಮ್ಮೇಳ. ಸಬ್‌ಮರೀನಿನ ಒಳಗೆ ಕೂತವನ ಪಾಡೂ ಅದೇ. ಅವನ ಮುಂದೆ ಸದಾ ತೆರೆ. ತಲೆಯ ಮೇಲೆ ತಿರುಗುವ ಪ್ರೊಪೆಲ್ಲರ್, ದೋಣಿಯ ಮೈಗೆ ಬಡಿಯುವ ಸೋನಾರ್, ಇವೇ ಅವನ ಚೆಂಡೆ ಮದ್ದಳೆ. 2005ರದೇ 'ಡೇಂಜರಸ್ ವಾಟರ್ಸ್' ಆ ಸದ್ದನ್ನು ಪರದೆಯ ಮೇಲೆ ಹಸಿರು ಗೆರೆಗಳಾಗಿ ಸುರಿಸುತ್ತದೆ. ಸೋನಾರಿನವರು ಅದನ್ನು ವಾಟರ್‌ಫಾಲ್ ಎಂದೇ ಕರೆಯುತ್ತಾರೆ. ಜೋಗದ ತಾಲ್ಲೂಕಿನವರಿಗೆ ಅದು ಸ್ವಲ್ಪ ಬಡಕಲಾಗಿ ಕಂಡೀತು.

ಮುಳುಗುವುದನ್ನು ತೋರಿಸುವ ಕಲೆಯೂ ಈ ನೆಲದಲ್ಲಿದೆ. ನಾ. ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಮುಳುಗಡೆಯ ಕಥೆಗಳನ್ನು ಬರೆದವರು. ಅವರಿಗೆ ಫೈಲಿನ ಅಂಕಿಯೂ ಗೊತ್ತಿತ್ತು, ಮನೆಯೊಳಗಿನ ಅಳುವೂ ಗೊತ್ತಿತ್ತು. ಅವರ 'ದ್ವೀಪ'ವನ್ನು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿ 2002ರಲ್ಲಿ ಚಿತ್ರ ಮಾಡಿದರು. ಅದಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು, ಛಾಯಾಗ್ರಹಣಕ್ಕೆ ಎಚ್.ಎಂ. ರಾಮಚಂದ್ರರಿಗೂ ಬಂತು. ಊರವರೆಲ್ಲ ಬಿಟ್ಟುಹೋದ ಮೇಲೆ ಗುಡ್ಡದ ಮೇಲೆ ಉಳಿದ ಗಣಪ, ನಾಗಿಯ ಸುತ್ತ ನೀರು ಏರುತ್ತದೆ, ಮಳೆ ಬಿಡುವುದೇ ಇಲ್ಲ. ಅಲ್ಲಿ ಮಳೆ ಹಿನ್ನೆಲೆ ಸಂಗೀತವೋ, ಕಥೆಯ ಸಂಗತಿಯೋ? ಬೇರ್ಪಡಿಸಲು ನನ್ನಿಂದಾಗಿಲ್ಲ. ಸಬ್‌ಮರೀನ್ ಆಟ ಮಾಡುವವರು 'ದಸ್ ಬೂಟ್' ನೋಡಿದಷ್ಟೇ ಶ್ರದ್ಧೆಯಿಂದ ಇದನ್ನೂ ನೋಡಲಿ.

ಮಧ್ಯಾಹ್ನದ ಗೋಷ್ಠಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಕಂಪ್ಯೂಟರ್ ವಿಭಾಗದವರು ಹಿನ್ನೀರಿನಡಿ ಇಳಿಯುವ ಪುಟ್ಟ ಆಟವೊಂದರ ನಕ್ಷೆ ಹಾಕಲಿ. ಶತ್ರು ಬೇಡ, ಟಾರ್ಪಿಡೊ ಬೇಡ. ಕೆಳಗೆ ಮಡೇನೂರಿನ ಕಟ್ಟೆ, ಅದರಾಚೆ ಒಂದು ಮನೆಯ ಅಡಿಪಾಯ. ಸರ್ವೆ ನಕ್ಷೆಯ ಪ್ರಕಾರ ಅಡಿಪಾಯ ಒಂದು ಕಡೆ ಇರುತ್ತದೆ, ಅಜ್ಜಿಯ ಮಾತಿನ ಪ್ರಕಾರ ಇನ್ನೊಂದು ಕಡೆ. ಎಲ್ಲಿಡುತ್ತೀರಿ ಎಂಬುದನ್ನು ಕನ್ನಡ ವಿಭಾಗದವರ ಜೊತೆ ಕೂತು ಜಗಳಾಡಿ ತೀರ್ಮಾನಿಸಿ. ಹೊರಗಿನ ಕ್ಯಾಮೆರಾ ಮಾತ್ರ ಇಡಬೇಡಿ.

ಈಗ ಮೊದಲ ಪ್ರಾತ್ಯಕ್ಷಿಕೆ ಇದೆಯಂತೆ. ಹಿಂದೆ ಕೂತವರು ದಯವಿಟ್ಟು ಕಿಟಕಿ ಮುಚ್ಚಿ, ದೀಪ ಆರಿಸಿ. ಪ್ರೊಜೆಕ್ಟರ್ ಹಚ್ಚಲು ಅವಸರ ಬೇಡ, ಮೊದಲು ಎರಡು ನಿಮಿಷ ಸ್ಪೀಕರ್ ಮಾತ್ರ ಇರಲಿ.