ಮಕ್ಕಳೊಡನೆ ಬಯಲು ಬಿಡಾರ



ಬೇಸಗೆಯ ರಜ ಸಮೀಪಿಸಿತೆಂದರೆ ಸಂಸಾರಸ್ಥರ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಈ ಮಕ್ಕಳನ್ನು ಇಷ್ಟು ದಿನ ಏನು ಮಾಡುವುದು? ಹಿಂದಿನವರಿಗೆ ಈ ತೊಡಕು ಅಷ್ಟಾಗಿ ಇರಲಿಲ್ಲ. ಹಳ್ಳಿಯಲ್ಲಿ ಅಜ್ಜಿಯ ಮನೆಯಿತ್ತು. ಮನೆಯ ಹಿಂದೆ ಮಾವಿನ ತೋಪು, ತೋಪಿನಾಚೆ ಕೆರೆ. ಈಗ ಅನೇಕ ಮಕ್ಕಳಿಗೆ ಅಜ್ಜಿಯ ಮನೆಯೂ ಪಟ್ಟಣದಲ್ಲಿಯೇ, ಅದೂ ಮೂರನೆಯ ಮಹಡಿಯಲ್ಲಿ. ಅಂಥ ಮಕ್ಕಳಿಬ್ಬರ ತಂದೆಯಾದ ನಾನು ಕಳೆದ ಮೇ ತಿಂಗಳಿನಲ್ಲಿ ಕುಟುಂಬಸಮೇತನಾಗಿ ಕಾವೇರಿಯ ದಡದಲ್ಲಿ ಡೇರೆ ಹಾಕಿಕೊಂಡು ಎರಡು ರಾತ್ರಿ ಕಳೆದು ಬಂದೆನು. ಅಲ್ಲಿ ನಾನು ಕಲಿತದ್ದನ್ನು, ವಿಶೇಷವಾಗಿ ಅಲ್ಲಿ ನಾನು ಮಾಡಿದ ಒಂದು ತಪ್ಪನ್ನು, ತಮ್ಮೊಡನೆ ಹೇಳಿಕೊಳ್ಳುವುದೇ ಈ ಸಂಜೆಯ ಭಾಷಣದ ಉದ್ದೇಶ.

ಈ ಆಲೋಚನೆಯನ್ನು ಮೊದಲು ತಿಳಿಸಿದಾಗ ನನ್ನ ತಾಯಿಯವರು, “ಮನೆ ಇದ್ದೂ ಮರದ ಕೆಳಗೆ ಮಲಗೋದು ಯಾವ ಹಣೆಬರಹವಪ್ಪಾ?” ಎಂದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಯಲಿನಲ್ಲಿ ಬಿಡಾರ ಮಾಡುವುದು ನಮ್ಮವರಿಗೆ ಹೊಸದೇನೂ ಅಲ್ಲ. ದನಗಳ ಜಾತ್ರೆಗೆ ಹೊರಟ ಒಕ್ಕಲಿನವರು ಗಾಡಿಯ ಕೆಳಗೇ ಮಲಗಿ, ಮೂರು ಕಲ್ಲು ಹೂಡಿ ಅಟ್ಟುಣ್ಣುತ್ತಿದ್ದರು. ಹಸುಗೂಸುಗಳಿಗೆ ಗಾಡಿಯ ಮೂಕಿಗೆ ಸೀರೆಯ ತೊಟ್ಟಿಲು ಕಟ್ಟುತ್ತಿದ್ದರು. ಕಾರ್ತಿಕಮಾಸದ ವನಭೋಜನವಂತೂ ಪಟ್ಟಣವಾಸಿಗಳಿಗೂ ಪರಿಚಿತವಾದುದು. ಅವರು ಪ್ರಯಾಣಕ್ಕಾಗಿಯೋ ವ್ರತಕ್ಕಾಗಿಯೋ ಮಾಡುತ್ತಿದ್ದುದನ್ನು ನಾವು ಈಗ ಸಂತೋಷಕ್ಕಾಗಿ ಮಾಡುತ್ತೇವೆ, ಭೇದ ಇಷ್ಟೆ.

ಸಂತೋಷಕ್ಕಾಗಿ ಡೇರೆ ಹೂಡುವ ಈ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ಬಳಕೆಗೆ ತಂದವರಲ್ಲಿ ತಾಮಸ್ ಹೈರಮ್ ಹೋಲ್ಡಿಂಗ್ ಎಂಬಾತನು ಪ್ರಮುಖನು. ವೃತ್ತಿಯಿಂದ ಆತನು ದರ್ಜಿ. 1853ರಲ್ಲಿ, ಇನ್ನೂ ಬಾಲಕನಾಗಿದ್ದಾಗ, ತಂದೆತಾಯಿಗಳೊಡನೆ ಬಂಡಿಗಳ ಸಾಲಿನಲ್ಲಿ ಅಮೆರಿಕದ ಹುಲ್ಲುಗಾವಲುಗಳನ್ನು ದಾಟಿದ್ದನು. ಐವತ್ತೈದು ವರ್ಷಗಳ ಮೇಲೆ, 1908ರಲ್ಲಿ, ಡೇರೆಯ ವಾಸವನ್ನು ಕುರಿತು ದೊಡ್ಡದೊಂದು ಕೈಪಿಡಿಯನ್ನು ಪ್ರಕಟಿಸಿದನು. ಬಾಲ್ಯದ ಕೆಲವು ರಾತ್ರಿಗಳು ಒಬ್ಬ ಮನುಷ್ಯನಲ್ಲಿ ಎಷ್ಟು ಕಾಲ ಉಳಿಯಬಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಇರಲಿ. ನಾವು ಹೋದದ್ದು ಹುಲ್ಲುಗಾವಲಿಗಲ್ಲ, ಕಾವೇರಿ ವನ್ಯಜೀವಿಧಾಮಕ್ಕೆ. ಮೈಸೂರಿನಿಂದ ಬನ್ನೂರು, ಮಳವಳ್ಳಿ, ಹಲಗೂರು ಇವುಗಳ ಮೇಲೆ ಹೋದರೆ ಮುತ್ತತ್ತಿಯ ಕಾಡು ಸಿಕ್ಕುತ್ತದೆ. ಸೀತಾದೇವಿಯ ಮುತ್ತು ಹೊಳೆಯಲ್ಲಿ ಬಿದ್ದುಹೋಯಿತೆಂದೂ ಆಂಜನೇಯನು ನೀರನ್ನು ಕಲಕಿ ಅದನ್ನು ತೆಗೆದುಕೊಟ್ಟನೆಂದೂ, ಆದುದರಿಂದಲೇ ಆ ಊರಿಗೆ ಆ ಹೆಸರು ಬಂದಿತೆಂದೂ ಅಲ್ಲಿಯವರು ಹೇಳುತ್ತಾರೆ. ಸುತ್ತಲಿನ ಕಾಡು 1987ರಿಂದ ವನ್ಯಜೀವಿಧಾಮವಾಗಿದೆ. ಅಲ್ಲಿ ಮನಬಂದ ಕಡೆ ಡೇರೆ ಹೂಡುವಂತಿಲ್ಲ. ಅಪ್ಪಣೆಯುಳ್ಳ ಬಿಡಾರದಲ್ಲಿಯೇ ಇಳಿದುಕೊಳ್ಳಬೇಕು. ಇದು ಆನೆಗಳ ಹಿತಕ್ಕೆ ಎಷ್ಟೋ ನಮ್ಮ ಹಿತಕ್ಕೂ ಅಷ್ಟೇ ಅಗತ್ಯ.

ಹೊರಡುವ ಮುನ್ನ ಮನೆಯಲ್ಲಿ ಸಾಮಾನುಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ನನ್ನ ಪತ್ನಿ ಅದರ ಅರ್ಧವನ್ನು ಹೊಡೆದುಹಾಕಿದಳು. ಉಳಿದವು ಇವು: ಡೇರೆ, ನೆಲಕ್ಕೆ ಹಾಸಲು ತಾರ್ಪಾಲು, ಜಮಖಾನ, ತಲೆಗೊಂದು ಟಾರ್ಚು, ಕುತ್ತಿಗೆಗೊಂದು ಸೀಟಿ, ಕಾಯಿಸಿ ಆರಿಸಿದ ನೀರು, ಭೇದಿಯಾದರೆ ಕುಡಿಸಲು ಉಪ್ಪುಸಕ್ಕರೆಯ ಪುಡಿ, ಪುಳಿಯೋಗರೆಯ ಗೊಜ್ಜು, ಅವಲಕ್ಕಿ, ಹುರಿಹಿಟ್ಟು. ಹಣ್ಣುಗಳನ್ನು ಡೇರೆಯೊಳಗೆ ಇಡಬಾರದೆಂದು ಬಿಡಾರದವರು ಮೊದಲೇ ತಿಳಿಸಿದ್ದರು. ಬಾಳೆಯ ಹಣ್ಣಿನ ವಾಸನೆ ಕೋತಿಗೂ ಗೊತ್ತು, ಆನೆಗೂ ಗೊತ್ತು.

ಡೇರೆ ಹೂಡುವುದಕ್ಕೆ ಸ್ಥಳವನ್ನು ಆರಿಸುವುದೇ ಒಂದು ವಿದ್ಯೆ. ಮಧ್ಯಾಹ್ನದ ನೆರಳು ಬೇಕು. ಆದರೆ ಒಣಗಿದ ಕೊಂಬೆಯ ಕೆಳಗೆ ಬೇಡ, ಮೇ ತಿಂಗಳ ಬಿರುಗಾಳಿಗೆ ಅದು ಮುರಿದು ಬಿದ್ದೀತು. ನೆಲ ಸಮವಾಗಿರಬೇಕು, ಆದರೆ ಒಣಹಳ್ಳದ ಮರಳು ಎಷ್ಟು ಮೆತ್ತಗಿದ್ದರೂ ಅಲ್ಲಿ ಬೇಡ. ಎಲ್ಲಿಯೋ ಗುಡ್ಡದ ಮೇಲೆ ಸುರಿದ ಗುಡುಗುಮಳೆ ಗಳಿಗೆಯೊಳಗೆ ಹಳ್ಳದಲ್ಲಿ ಹರಿದು ಬರುತ್ತದೆ. ಹೊಳೆಮತ್ತಿಯ ಮರಗಳಿಂದ ತುಸು ಮೇಲೆ, ಎತ್ತರದ ದಿಣ್ಣೆಯೊಂದನ್ನು ನಾವು ಆರಿಸಿಕೊಂಡೆವು. ಮಗಳು ಗೂಟಗಳನ್ನು ಹೊಡೆದಳು. ಮಗನು ಗೂಟಗಳನ್ನು ಎಣಿಸಿದನು. ಎಣಿಕೆ ಪ್ರತಿಸಲವೂ ಬೇರೆಯಾಗುತ್ತಿತ್ತು. ಮನೆಯಲ್ಲಿ ಕೊಳಾಯಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಬೆಳಕು. ಎಲ್ಲಿಂದ ಬಂದಿತೆಂದು ಮಕ್ಕಳು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಇಲ್ಲಿ ಒಂದು ಕೊಡ ನೀರನ್ನು ಇಬ್ಬರು ಹಿಡಿದು ತಂದರು. ಆ ಕೊಡದ ನೀರನ್ನು ನಾನು ಕೈತೊಳೆಯಲು ಸ್ವಲ್ಪ ಹೆಚ್ಚಾಗಿ ಬಳಸಿದಾಗ ಐದು ವರ್ಷದ ಮಗನು ನನ್ನನ್ನು ಗದರಿಸಿದನು. ವರ್ಷವೆಲ್ಲ ನಾನು ಮಾಡಿದ ಉಪದೇಶಕ್ಕಿಂತ ಆ ಒಂದು ಕೊಡದ ಭಾರ ಹೆಚ್ಚು ಕೆಲಸ ಮಾಡಿತ್ತು.

ಇನ್ನು ಹೊಳೆಯ ವಿಷಯ. ಬೇಸಗೆಯ ಕಾವೇರಿ ನೋಡುವುದಕ್ಕೆ ಬಹು ಸಾಧು. ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಾಳೆ; ತಳದ ಮರಳು ಕಾಣುತ್ತದೆ. ಈ ಸಾಧುತನವನ್ನು ನಂಬಿದವರು ಅನೇಕರು ಮುತ್ತತ್ತಿಯ ಸುಳಿಗಳಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಪಾಚಿ ಹಿಡಿದ ಬಂಡೆ ಜಾರುತ್ತದೆ. ಮೊಣಕಾಲುದ್ದದ ನೀರಿನ ಮಗ್ಗುಲಲ್ಲಿಯೇ ಆಳು ಮುಳುಗುವ ಮಡು ಇರುತ್ತದೆ. ಮಡುವಿನಲ್ಲಿ ಮೊಸಳೆಯೂ ಇರಬಹುದು. ಇದಲ್ಲದೆ ಮತ್ತೊಂದು ಸಂಗತಿ ಉಂಟು. ಈ ಹೊಳೆಗೆ ಮೇಲೆ ಅಣೆಕಟ್ಟುಗಳಿವೆ, ವಿದ್ಯುದಾಗಾರಗಳಿವೆ. ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. ಮೇಲೆ ನೀರು ಬಿಟ್ಟರೆ ಕೆಳಗೆ ಹೊಳೆ ಏರುತ್ತದೆ. ಆದಕಾರಣ ಆಕಾಶದಲ್ಲಿ ಒಂದು ಮೋಡವಿಲ್ಲದ ದಿನವೂ ಕಾವೇರಿ ಏರಬಹುದು.

ಇದನ್ನೆಲ್ಲ ನಾನು ಮಕ್ಕಳಿಗೆ ವಿವರಿಸಿ ಹೇಳಿದೆನು. ಹೇಳುವುದು ನನ್ನ ವೃತ್ತಿ. ಬಳಿಕ ನಾವೆಲ್ಲರೂ ಸೇರಿ ಬಿಳಿಯ ಕಲ್ಲುಗಳನ್ನು ಆಯ್ದು, ನೀರಿನಿಂದ ಹತ್ತು ಮಾರು ಈಚೆಗೆ ಒಂದು ಗೆರೆಯನ್ನು ಜೋಡಿಸಿದೆವು. ಇದು ಲಕ್ಷ್ಮಣರೇಖೆ, ಅಂಬಿಗನು ಜೊತೆಗಿಲ್ಲದೆ ಇದನ್ನು ಯಾರೂ ದಾಟಕೂಡದು ಎಂದು ನಿಯಮವಾಯಿತು. ಮಗಳಿಗೆ ಇಷ್ಟು ಸಾಲಲಿಲ್ಲ. ಹೊಳೆ ಏರುವುದು ನಿಜವೇ ಎಂದು ಪರೀಕ್ಷಿಸಬೇಕೆಂದಳು. ಒಂದು ಕೋಲಿಗೆ ಗೇಣಿಗೊಂದರಂತೆ ಗುರುತು ಕೊರೆದು, ಅಂಬಿಗನ ಕೈಯಲ್ಲಿ ನೀರಿನ ಅಂಚಿನಲ್ಲಿ ನೆಡಿಸಿದಳು. ಮೊದಲ ದಿನ ಕೋಲು ನೆಟ್ಟ ಹಾಗೆಯೇ ನಿಂತಿತ್ತು. ಆ ಇರುಳು ನಾವು ಡೇರೆಯ ಬಾಗಿಲಲ್ಲಿ ಕುಳಿತು ಕಾಡಿನ ಸದ್ದುಗಳನ್ನು ಎಣಿಸಿದೆವು. ದೂರದಲ್ಲಿ ಕಡವೆ ಒಂದು ಸಲ ಕೂಗಿತು. ಮಗನು ತಾಯಿಯ ಸೆರಗನ್ನು ಹಿಡಿದುಕೊಂಡು, “ಅದು ನಮ್ಮನ್ನ ನೋಡಿ ಹೆದರಿಕೊಂಡಿತಾ?” ಎಂದು ಕೇಳಿದನು. ತನಗೆ ಭಯವಾದಾಗ ಕಾಡಿಗೂ ಭಯವಾಗಿರಬಹುದೆಂದು ಅವನಿಗೆ ತೋಚಿದುದು ನನಗೆ ಹಿತವಾಯಿತು.

ಎರಡನೆಯ ದಿನ ಬೆಳಿಗ್ಗೆ ಹರಿಗೋಲಿನಲ್ಲಿ ಹೋಗಿಬಂದೆವು. ಕಾವೇರಿಯಲ್ಲಿ ಮಾತ್ರ ಬಾಳುವ, ಬೆನ್ನುಬ್ಬಿದ ಮಹಸೀರ್ ಮೀನಿನ ಕತೆಯನ್ನು ಅಂಬಿಗನು ಹೇಳಿದನು. ಮನುಷ್ಯರಷ್ಟು ತೂಗುತ್ತಿದ್ದ ಆ ಮೀನಿನ ಶಾಸ್ತ್ರೀಯ ನಾಮವು ನಿಶ್ಚಿತವಾದದ್ದು 2018ರಲ್ಲಿ. ಅಷ್ಟರೊಳಗೆ ಅದು ಅಳಿವಿನ ಅಂಚಿಗೆ ಬಂದಿತ್ತು.

ಆ ಸಂಜೆ ನನ್ನ ಪತ್ನಿ ಅವಲಕ್ಕಿ ನೆನೆಸುತ್ತಿದ್ದಳು. ಮಕ್ಕಳು ಗೆರೆಯ ಈಚೆಗೆ ಕಲ್ಲಿನ ಮನೆ ಕಟ್ಟುತ್ತಿದ್ದರು. ನಾನು ಅವರ ಕಾವಲಿಗೆ ಕುಳಿತಿದ್ದೆನು. ಎದುರಿನ ಬಂಡೆಯ ಮೇಲೆ ಥಟ್ಟನೆ ನೀರುನಾಯಿಗಳು ಕಾಣಿಸಿದುವು. ದೊಡ್ಡವು ಎರಡು, ಮರಿಗಳು ಮೂರು. ನಾನು ಮೊಬೈಲನ್ನು ತೆಗೆದುಕೊಂಡೆನು. ಅಲ್ಲಿ ಅದಕ್ಕೆ ಸಿಗ್ನಲ್ಲು ಇಲ್ಲದಿದ್ದರೂ ಚಿತ್ರ ತೆಗೆಯಲು ಬರುತ್ತಿತ್ತು. ಚಿತ್ರ ಸಣ್ಣದಾಗಿ ಬಂದಿತು. ಎರಡು ಹೆಜ್ಜೆ ಮುಂದೆ ಹೋದೆನು. ಮತ್ತೆ ಎರಡು ಹೆಜ್ಜೆ. ಬಿಳಿಯ ಕಲ್ಲುಗಳನ್ನು ದಾಟಿದುದು ನನಗೆ ತಿಳಿಯಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ತಿಳಿಯಿತು; ಆದರೆ ಆ ಗೆರೆ ಮಕ್ಕಳಿಗಾಗಿ ಹಾಕಿದ್ದು ಎಂದುಕೊಂಡೆನು. ನೀರಿನ ಅಂಚಿನ ಬಂಡೆಯ ಮೇಲೆ ನಿಂತು, ಮರಿಗಳ ಆಟವನ್ನು ಆ ಪುಟ್ಟ ಗಾಜಿನ ಚೌಕದಲ್ಲಿ ನೋಡುತ್ತಿದ್ದೆನು.

ಆಗ ಮಗಳು ಕೂಗಿದಳು: “ಅಪ್ಪಾ, ನನ್ನ ಕೋಲು ಮುಳುಗ್ತಾ ಇದೆ!” ಅದರ ಹಿಂದೆಯೇ ಮೇಲಿನಿಂದ ಅಂಬಿಗನ ದನಿ: “ಸ್ವಾಮಿ, ಹಿಂದೆ! ಮಗೀನ ಹಿಡ್ಕಳಿ!”

ತಿರುಗಿ ನೋಡಿದೆನು. ಮಗನು ನನ್ನ ಹಿಂದೆಯೇ ಬಂದು, ನನಗಿಂತ ಕೆಳಗಿನ ಬಂಡೆಯಲ್ಲಿ ನಿಂತಿದ್ದನು. ಬರುವಾಗ ಒಣಗಿದ್ದ ಆ ಬಂಡೆಯ ಮೇಲೆ ಈಗ ಅವನ ಪಾದ ಮುಚ್ಚುವಷ್ಟು ನೀರು ಹರಿಯುತ್ತಿತ್ತು. ಅವನು ಅಳುತ್ತಿರಲಿಲ್ಲ. ನೀರು ಕಾಲಿನ ಮೇಲೆ ಹರಿಯುವುದನ್ನು ನೋಡಿ ನಗುತ್ತಿದ್ದನು. ನಾನು ಬಗ್ಗಿ ಅವನ ತೋಳನ್ನು ಹಿಡಿಯುವಷ್ಟರಲ್ಲಿ ಅವನ ಕಾಲು ಜಾರಿತು. ತೋಳು ನನ್ನ ಕೈಯಲ್ಲಿತ್ತು. ಮೊಬೈಲು ಹೊಳೆಯ ಪಾಲಾಯಿತು. ಅಂಬಿಗನು ಬಂದು ಇಬ್ಬರನ್ನೂ ಮೇಲಕ್ಕೆಳೆದುಕೊಂಡನು. ಕಾಲು ಗಂಟೆಯೊಳಗೆ ನಾವು ನಿಂತಿದ್ದ ಬಂಡೆ ಕಾಣದಾಯಿತು.

ದಡಕ್ಕೆ ಬಂದೊಡನೆ ನಾನು ಮಾಡಿದ ಮೊದಲನೆಯ ಕೆಲಸವೆಂದರೆ ಮಗನನ್ನು ಗದರಿಸಿದುದು. “ಗೆರೆ ದಾಟಬೇಡ ಅಂತ ಹೇಳಿರಲಿಲ್ಲವೇ?” ಎಂದೆನು. ಅವನು ನನ್ನ ಮುಖವನ್ನೇ ನೋಡಿ, “ನೀನು ದಾಟಿದೆಯಲ್ಲಪ್ಪ, ಆಟ ಮುಗೀತು ಅಂದ್ಕೊಂಡೆ” ಎಂದನು. ಅದಕ್ಕೆ ಉತ್ತರ ನನ್ನಲ್ಲಿ ಇರಲಿಲ್ಲ. ಅಂಬಿಗನು ಮಾತ್ರ ಮೆಲ್ಲಗೆ, “ನೀವು ದಾಟಿದ್ರಿ, ಅದೂ ದಾಟ್ತು. ಮಗ ಏನ್ ಮಾಡ್ತದೆ ಸ್ವಾಮಿ” ಎಂದು ಹೇಳಿ ತನ್ನ ಹರಿಗೋಲನ್ನು ಮೇಲಕ್ಕೆಳೆಯಲು ಹೊರಟುಹೋದನು. ನನ್ನ ಪತ್ನಿ ಏನನ್ನೂ ಹೇಳಲಿಲ್ಲ. ಮಗನ ಕಾಲನ್ನು ಒರೆಸಿದಳು. ಒಣಗಿದ ಮೇಲೆಯೂ ಬಹಳ ಹೊತ್ತು ಒರೆಸುತ್ತಲೇ ಇದ್ದಳು.

ರಾಮಾಯಣದಲ್ಲಿ ಗೆರೆ ಎಳೆದ ಲಕ್ಷ್ಮಣನು ತಾನೇ ಮೊದಲು ಅದನ್ನು ದಾಟಲಿಲ್ಲ. ನಾನು ದಾಟಿದೆನು. ಮನೆಯಲ್ಲಿ ನಾವು ಇಂಥ ಗೆರೆಗಳನ್ನು ದಿನವೂ ದಾಟುತ್ತಿರುತ್ತೇವೆ. ಊಟದ ಹೊತ್ತಿನಲ್ಲಿ ಮೊಬೈಲು ಕೂಡದೆಂದು ಮಕ್ಕಳಿಗೆ ಹೇಳಿ ನಾವು ನೋಡುತ್ತೇವೆ. ಸುಳ್ಳಾಡಬಾರದೆಂದು ಹೇಳಿ, ಬಾಗಿಲಿಗೆ ಬಂದವರಿಗೆ ಅಪ್ಪ ಮನೆಯಲ್ಲಿಲ್ಲವೆಂದು ಅವರ ಬಾಯಿಂದಲೇ ಹೇಳಿಸುತ್ತೇವೆ. ಗೋಡೆಗಳ ನಡುವೆ ಇದರ ಫಲ ಕಾಣುವುದಕ್ಕೆ ವರ್ಷಗಳು ಬೇಕು. ಆದುದರಿಂದ ನಾವು ಅದನ್ನು ಗಮನಿಸುವುದಿಲ್ಲ. ಬಯಲಿನಲ್ಲಿ ಫಲ ಆ ಕ್ಷಣದಲ್ಲಿಯೇ ಕಾಲಿನ ಬುಡಕ್ಕೆ ಬರುತ್ತದೆ. ಮಕ್ಕಳಿಗೆ ಸ್ವಾವಲಂಬನವನ್ನು ಕಲಿಸಬೇಕೆಂದು ನಾನು ಅವರನ್ನು ಕಾಡಿಗೆ ಕರೆದೊಯ್ದೆನು. ಅವರಿಬ್ಬರೂ ತಮ್ಮ ಪಾಠವನ್ನು ಸರಿಯಾಗಿಯೇ ಕಲಿತಿದ್ದರು. ಒಬ್ಬಳು ಕೋಲನ್ನು ಕಾದಳು. ಇನ್ನೊಬ್ಬನು ತಂದೆಯನ್ನು ನಂಬಿದನು. ಕಲಿಯಬೇಕಾಗಿದ್ದವನು ನಾನು.

ಹಾಗಾದರೆ ಇಂಥ ಪ್ರಯಾಣವೇ ಬೇಡವೇ ಎಂದು ತಾವು ಕೇಳಬಹುದು. ಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಹೋಗತಕ್ಕವರು ಕೆಲವು ವಿಷಯಗಳನ್ನು ನೆನಪಿನಲ್ಲಿಡುವುದು ಲೇಸು. ನಿಯಮಗಳು ನಾಲ್ಕನ್ನು ಮೀರದಿರಲಿ. ಇರುವ ನಾಲ್ಕೂ ಹಿರಿಯರಿಗೂ ಅನ್ವಯಿಸಲಿ. ಒಬ್ಬರು ಮಕ್ಕಳ ಕಾವಲಿಗೆ ಕುಳಿತರೆ ಆ ಹೊತ್ತು ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದಿರಲಿ. ಏಳಬೇಕಾದರೆ, “ಇನ್ನು ನೀನು ನೋಡು” ಎಂದು ಮತ್ತೊಬ್ಬರಿಗೆ ಬಾಯಿಬಿಟ್ಟು ಹೇಳಿ ಏಳಲಿ. ಸ್ಥಳವನ್ನು ಬಲ್ಲವರ ಮಾತನ್ನು, ಅವರು ಓದದವರಾದರೂ, ಓದಿದ ನಾವು ಕೇಳಬೇಕು. ಮಕ್ಕಳಿಗೆ ಆಟದ ಕೆಲಸವನ್ನಲ್ಲ, ನಿಜವಾದ ಕೆಲಸವನ್ನು ಕೊಡಬೇಕು. ಮಗಳ ಕೋಲು ನನಗೆ ಆಟವಾಗಿ ಕಂಡಿತ್ತು. ಆ ಸಂಜೆ ನಮ್ಮ ಬಿಡಾರದಲ್ಲಿ ಎಚ್ಚರವಾಗಿದ್ದುದು ಆ ಕೋಲೇ.

ಮರುದಿನ ಬೆಳಿಗ್ಗೆ ಹೊಳೆ ಇಳಿದಿತ್ತು. ಕೋಲು ಕೊಚ್ಚಿಹೋಗಿತ್ತು. ಮಗಳು ಹೊಸದೊಂದನ್ನು ಕೊರೆದು ಅಂಬಿಗನಿಗೆ ಕೊಟ್ಟು, ಮುಂದೆ ಬರುವವರಿಗಾಗಿ ನೆಡಬೇಕೆಂದು ಹೇಳಿದಳು. ಮಗನು ಚದುರಿದ ಬಿಳಿಯ ಕಲ್ಲುಗಳನ್ನು ಮತ್ತೆ ಸಾಲಾಗಿ ಇಡುತ್ತಿದ್ದನು. ನಾನು ಗೆರೆಯ ಈಚೆಗೇ ಕುಳಿತು, ಅವನು ಕೇಳಿದಾಗಲೆಲ್ಲ ಒಂದೊಂದು ಕಲ್ಲನ್ನು ಎತ್ತಿಕೊಟ್ಟೆನು.